ಸೆನ್ಸರ್ ಸುಮ್ಮನಾದರೆ: ಸೆಲ್ ಬದಲಿಸುವ ಮೊದಲು ನೋಡಬೇಕಾದ್ದು

ಬಾಗಿಲಿನ ಸೆನ್ಸರ್ ಸುದ್ದಿ ಕೊಡುವುದನ್ನು ನಿಲ್ಲಿಸಿದ ಕೂಡಲೇ ಹೆಚ್ಚಿನವರು ಸೆಲ್ ಬದಲಿಸುತ್ತಾರೆ. ಸೆನ್ಸರ್ ಎದ್ದು ಕೂರುತ್ತದೆ, ಎರಡು ದಿನ ಸರಿಯಿರುತ್ತದೆ, ಆಮೇಲೆ ಮತ್ತೆ ಮೌನ. ಆಗ ಸೆಲ್ ಕೊಟ್ಟ ಅಂಗಡಿಯವರಿಗೆ ಬೈಗುಳ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಸೆಲ್ ತೆಗೆದು ಹಾಕಿದಾಗ ಸೆನ್ಸರ್ ಮೊದಲಿನಿಂದ ಶುರುವಾಗುತ್ತದೆ, ತನ್ನ ಸುದ್ದಿಯನ್ನು ಮುಂದೆ ಸಾಗಿಸುವ ಹತ್ತಿರದ ಸಾಧನ (ರೂಟರ್) ಯಾವುದೆಂದು ಹೊಸದಾಗಿ ಹುಡುಕಿಕೊಳ್ಳುತ್ತದೆ. ಎಷ್ಟೋ ಸಲ ಸರಿಹೋದದ್ದು ಈ ಹುಡುಕಾಟದಿಂದಲೇ. ಹಾಗಾಗಿ ಮೊದಲ ಪರೀಕ್ಷೆ ಬಹಳ ಸುಲಭ: ಹಳೆಯ ಸೆಲ್ಲನ್ನೇ ತೆಗೆದು, ಅರ್ಧ ನಿಮಿಷ ಬಿಟ್ಟು, ಅದನ್ನೇ ಮತ್ತೆ ಹಾಕಿ. ಸೆನ್ಸರ್ ಎದ್ದರೆ ದೋಷ ರೇಡಿಯೋ ಸಂಪರ್ಕದ್ದು ಎಂದು ಅನುಮಾನಿಸಿ ಮುಂದೆ ಓದಿ. ಏಳದಿದ್ದರೆ ಸೆಲ್ಲಿನ ಭಾಗಕ್ಕೆ ನೇರವಾಗಿ ಹೋಗಬಹುದು.

ಈ ಬರಹ ಮುಖ್ಯವಾಗಿ ಜಿಗ್ಬಿ ಎಂಬ ಕಡಿಮೆ ಶಕ್ತಿಯ ರೇಡಿಯೋ ಜಾಲದಲ್ಲಿ ಮಾತಾಡುವ ಸೆನ್ಸರುಗಳ ಬಗ್ಗೆ. ಅವುಗಳನ್ನು ಮನೆಯ ಸ್ಮಾರ್ಟ್ ಸಾಧನಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರಿನಲ್ಲಿ, ಅದಕ್ಕೆ ಜಿಗ್ಬಿಯನ್ನು ಬೆಸೆಯುವ ಜಿಗ್ಬಿ2ಎಂಕ್ಯೂಟಿಟಿ ಅಥವಾ ಝಡ್‌ಎಚ್‌ಎ ಮೂಲಕ ನೋಡುತ್ತಿದ್ದೀರಿ ಎಂದುಕೊಂಡಿದ್ದೇವೆ. ವೈಫೈ, ಬ್ಲೂಟೂತ್ ಸೆನ್ಸರುಗಳ ಮಾತು ನಡುವೆ ಒಂದು ಕಡೆ ಬರುತ್ತದೆ.

ಯಾರ‍್ಯಾರು ಒಟ್ಟಿಗೆ ಸುಮ್ಮನಾದರು?

ಒಂದೇ ಸೆನ್ಸರ್ ಮೇಲೆ ಕಣ್ಣು ನೆಡುವ ಮೊದಲು ಉಳಿದವುಗಳ ಕೊನೆಯ ಸುದ್ದಿಯ ಸಮಯವನ್ನು ಸಾಲಾಗಿ ನೋಡಿ. ಜಿಗ್ಬಿ2ಎಂಕ್ಯೂಟಿಟಿಯಲ್ಲಿ ಇದಕ್ಕೆ ‘ಲಾಸ್ಟ್ ಸೀನ್’ ಎಂಬ ಆಯ್ಕೆಯಿದೆ. ಮೊದಲಿಗೆ ಅದು ಬಂದ್ ಆಗಿಯೇ ಇರುತ್ತದೆ, ಸೆಟ್ಟಿಂಗ್‌ಗೆ ಹೋಗಿ ಚಾಲೂ ಮಾಡಬೇಕು. ಇಷ್ಟು ಮಾಡದೆ ಉಳಿದ ಯಾವ ತಪಾಸಣೆಗೂ ಅರ್ಥವಿಲ್ಲ.

ಒಂದೇ ಸೆನ್ಸರ್ ಹೋಗಿದ್ದರೆ ಸೆಲ್, ಜಾಗ ಅಥವಾ ಆ ಸೆನ್ಸರಿನ ಬೋರ್ಡ್ ಕಾರಣ. ಮನೆಯ ಒಂದು ಮಗ್ಗುಲಿನ ಮೂರು ನಾಲ್ಕು ಸೆನ್ಸರುಗಳು ಹತ್ತಿಪ್ಪತ್ತು ನಿಮಿಷಗಳ ಅಂತರದಲ್ಲಿ ಸುಮ್ಮನಾಗಿದ್ದರೆ, ಅವೆಲ್ಲ ಆತುಕೊಂಡಿದ್ದ ರೂಟರ್ ಒಂದು ಆರಿಹೋಗಿದೆ. ಎಲ್ಲವೂ ಒಮ್ಮೆಲೇ ಹೋದರೆ ಕೋಆರ್ಡಿನೇಟರ್ ಡಾಂಗಲ್ (ಇಡೀ ಜಾಲವನ್ನು ನಡೆಸುವ, ಕಂಪ್ಯೂಟರಿಗೆ ಚುಚ್ಚಿದ ಯುಎಸ್‌ಬಿ ಸಾಧನ), ಅದರ ಯುಎಸ್‌ಬಿ ಕೇಬಲ್ ಅಥವಾ ಸಾಫ್ಟ್‌ವೇರ್ ನೋಡಿ, ಸೆಲ್ಲುಗಳನ್ನು ಮುಟ್ಟಲೇ ಬೇಡಿ. ಹತ್ತು ಸೆನ್ಸರುಗಳ ಸೆಲ್ ಒಂದೇ ರಾತ್ರಿ ಮುಗಿಯುವುದಿಲ್ಲ.

ಜಿಗ್ಬಿಯಲ್ಲಿ ರೂಟರ್ ಎಂದರೆ ಸದಾ ಕರೆಂಟಿನಲ್ಲಿರುವ ಸಾಧನ: ಸ್ಮಾರ್ಟ್ ಪ್ಲಗ್, ಬಲ್ಬು, ಗೋಡೆಯೊಳಗಿನ ರಿಲೇ. ಸೆಲ್ಲಿನ ಸೆನ್ಸರ್ ಹೆಚ್ಚು ಹೊತ್ತು ನಿದ್ದೆಯಲ್ಲಿರುತ್ತದೆ, ಎದ್ದಾಗ ತನ್ನ ಪೋಷಕ ರೂಟರಿಗಷ್ಟೇ ಮಾತಾಡುತ್ತದೆ. ಆ ಪೋಷಕ ಇಲ್ಲವಾದಾಗ ಕೆಲವು ಸೆನ್ಸರುಗಳು ಬೇಗ ಬೇರೆಯದನ್ನು ಹುಡುಕಿಕೊಳ್ಳುತ್ತವೆ, ಕೆಲವು ಹಟ ಹಿಡಿದು ಹಳೆಯದನ್ನೇ ಕೂಗುತ್ತಿರುತ್ತವೆ. ಶಿಯೋಮಿ, ಅಕಾರಾ ಕಂಪನಿಗಳ ಹಳೆಯ ಮಾದರಿಗಳು ಈ ಎರಡನೆಯ ಗುಂಪಿನವು ಎಂಬುದು ಬಳಕೆದಾರರಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಹೀಗೆ ಹುಡುಕುವಾಗ ರೇಡಿಯೋ ಮತ್ತೆ ಮತ್ತೆ ಎದ್ದು ಪ್ರತಿ ಸಲವೂ 10ರಿಂದ 30 ಮಿಲಿಆಂಪಿಯರ್ ಎಳೆಯುತ್ತದೆ. ನಿದ್ದೆಯಲ್ಲಿ ಎಳೆಯುವುದು ಕೆಲವೇ ಮೈಕ್ರೋಆಂಪಿಯರ್. ಅಂದರೆ ಸಂಪರ್ಕ ಕೆಟ್ಟದ್ದು ಮೊದಲು, ಸೆಲ್ ಮುಗಿದದ್ದು ಅದರ ಫಲ. ‘ಈ ಸೆನ್ಸರ್ ಸೆಲ್ ತಿನ್ನುತ್ತದೆ’ ಎಂಬ ದೂರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ.

ಕರೆಂಟ್ ಹೋಗಿ ಬಂದ ಮೇಲೆ

ಹುಬ್ಬಳ್ಳಿ-ಧಾರವಾಡದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ತೊಂದರೆ ಶುರುವಾದ ದಿನ ಕರೆಂಟ್ ಹೋಗಿತ್ತೇ? ನಿರ್ವಹಣೆಗೆಂದು ಹೆಸ್ಕಾಂ ಬೆಳಿಗ್ಗೆಯಿಂದ ಸಂಜೆಯವರೆಗೆ ಲೈನ್ ತೆಗೆದಾಗ ಮನೆಯೊಳಗೆ ನಡೆಯುವುದು ಹೀಗೆ. ಇನ್ವರ್ಟರ್ ಇರುವ ಮನೆಯಲ್ಲಿ ಡಾಂಗಲ್ ಮತ್ತು ಹೋಮ್ ಅಸಿಸ್ಟೆಂಟ್ ಓಡಿಸುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಬದುಕಿರುತ್ತವೆ. ಆದರೆ ಇನ್ವರ್ಟರ್ ಲೈನ್ ಸಾಮಾನ್ಯವಾಗಿ ಲೈಟು, ಫ್ಯಾನು, ಟಿವಿ ಪಾಯಿಂಟುಗಳಿಗಷ್ಟೇ ಎಳೆದಿರುತ್ತದೆ. ಫ್ರಿಜ್, ಗೀಸರ್, ವಾಷಿಂಗ್ ಮಷಿನ್ ಇರುವ 16 ಆಂಪಿಯರ್ ಪಾಯಿಂಟುಗಳಿಗೆ ಇರುವುದಿಲ್ಲ. ಸ್ಮಾರ್ಟ್ ಪ್ಲಗ್ ಇರುವುದು ಅಲ್ಲಿಯೇ! ಡಾಂಗಲ್ ಬದುಕಿದ್ದು ನಡುವಿನ ರೂಟರುಗಳೆಲ್ಲ ಸತ್ತಾಗ, ಹಿತ್ತಲಿನ ಬಾಗಿಲು ಮತ್ತು ಮಾಳಿಗೆಯ ಸೆನ್ಸರುಗಳು ಏಳೆಂಟು ತಾಸು ಕೂಗಿ ಕೂಗಿ ದಣಿಯುತ್ತವೆ. ಕರೆಂಟ್ ಬಂದ ಮೇಲೂ ಕೆಲವು ತಾವಾಗಿ ಮರಳುವುದಿಲ್ಲ.

ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಯಾವ ಪಾಯಿಂಟುಗಳು ಇನ್ವರ್ಟರಿನಲ್ಲಿವೆ ಎಂದು ಎಲೆಕ್ಟ್ರಿಷಿಯನ್‌ನನ್ನು ಕೇಳಿ, ಅಥವಾ ಮೇನ್ ಇಳಿಸಿ ನೀವೇ ಗುರುತು ಮಾಡಿ. ಅಂಥ ಒಂದು ಪಾಯಿಂಟಿಗೆ ಹಳೆಯ ಫೋನ್ ಚಾರ್ಜರ್ ಚುಚ್ಚಿ, ರೂಟರ್ ಫರ್ಮ್‌ವೇರ್ (ರೂಟರಿನಂತೆ ನಡೆಸುವ ಒಳಗಿನ ಸಾಫ್ಟ್‌ವೇರ್) ಹಾಕಿದ ಯುಎಸ್‌ಬಿ ಜಿಗ್ಬಿ ಡಾಂಗಲ್ ಒಂದನ್ನು ಅದಕ್ಕೆ ಸಿಕ್ಕಿಸಿ. ಬಲ್ಬನ್ನು ರೂಟರ್ ಎಂದು ನಂಬಿಕೊಳ್ಳಬೇಡಿ. ಮನೆಯಲ್ಲಿ ಯಾರಾದರೂ ಗೋಡೆಯ ಸ್ವಿಚ್ ಆರಿಸಿಯೇ ಆರಿಸುತ್ತಾರೆ. ಅದು ಅವರ ತಪ್ಪಲ್ಲ, ಲೈಟಿನ ಸ್ವಿಚ್ ಇರುವುದೇ ಅದಕ್ಕೆ. ಸ್ಮಾರ್ಟ್ ಪ್ಲಗ್ ಹಾಕಿದ ಪಾಯಿಂಟಿನ ಸ್ವಿಚ್ಚಿಗೂ ಇದೇ ಮಾತು. ನಮ್ಮಲ್ಲಿ ಪ್ರತಿ ಪಾಯಿಂಟಿಗೂ ಸ್ವಿಚ್ ಇರುವುದರಿಂದ ಅದರ ಮೇಲೆ ಟೇಪ್ ಅಂಟಿಸುವುದು ಒಳ್ಳೆಯದು.

ಇನ್ನೊಂದು ಕಾರಣ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ವೈಫೈ ರೂಟರ್ ‘ಆಟೋ ಚಾನೆಲ್’ನಲ್ಲಿದ್ದರೆ ಪ್ರತಿ ಸಲ ಶುರುವಾದಾಗ ಹೊಸ ಚಾನೆಲ್ ಆರಿಸಿಕೊಳ್ಳಬಹುದು. ಕರೆಂಟ್ ಹೋಗುವ ಮೊದಲು 1ರಲ್ಲಿದ್ದದ್ದು, ಬಂದ ಮೇಲೆ 11ಕ್ಕೆ ಹೋಗಿ ನಿಮ್ಮ ಜಿಗ್ಬಿ ಮೇಲೆಯೇ ಕುಳಿತಿರಬಹುದು. ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಓಡುತ್ತವೆ. ಜಿಗ್ಬಿಗೆ 11ರಿಂದ 26ರವರೆಗೆ ಚಾನೆಲ್‌ಗಳಿವೆ. 15 ಎಂದರೆ 2425 ಮೆಗಾಹರ್ಟ್ಸ್, ವೈಫೈ 1 ಮತ್ತು 6ರ ನಡುವಿನ ಸಂದು. 25 ಎಂದರೆ 2475, ವೈಫೈ 11ರ ಆಚೆ. ವೈಫೈಯನ್ನು 1ಕ್ಕೆ ಕಟ್ಟಿಹಾಕಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ, ಜಿಗ್ಬಿಯನ್ನು 20 ಅಥವಾ 25ರಲ್ಲಿ ಇಡುವುದು ಹೆಚ್ಚಿನ ಮನೆಗಳಿಗೆ ಹೊಂದುತ್ತದೆ. 26ನ್ನು ಬಿಟ್ಟುಬಿಡಿ, ಕೆಲವು ಸಾಧನಗಳು ಅಲ್ಲಿ ಕಡಿಮೆ ಶಕ್ತಿಯಲ್ಲಿ ಮಾತಾಡುತ್ತವೆ, ಕೆಲವು ಅದನ್ನು ಕೇಳುವುದೇ ಇಲ್ಲ. ಆದರೆ ಜಿಗ್ಬಿ ಚಾನೆಲ್ ಬದಲಿಸಿದರೆ ನಿದ್ದೆಯಲ್ಲಿರುವ ಸೆನ್ಸರುಗಳಲ್ಲಿ ಹಲವನ್ನು ಮತ್ತೆ ಜೋಡಿಸಬೇಕಾಗುತ್ತದೆ. ಆದ್ದರಿಂದ ಮೊದಲು ವೈಫೈಯನ್ನು ಸರಿಸಿ ನೋಡಿ, ಜಿಗ್ಬಿಯನ್ನು ಕೊನೆಗೆ ಮುಟ್ಟಿ. ನವನಗರ, ವಿದ್ಯಾನಗರದ ಅಪಾರ್ಟ್‌ಮೆಂಟುಗಳಲ್ಲಿ ನೆರೆಮನೆಯ ಹತ್ತಾರು ವೈಫೈ ಕಾಣುತ್ತಿದ್ದರೆ ಫೋನಿನ ವೈಫೈ ಅನಲೈಸರ್ ಆ್ಯಪ್‌ನಲ್ಲಿ ಖಾಲಿ ಜಾಗ ಹುಡುಕಿ ನಿರ್ಧರಿಸಿ.

ಎಲ್ಲ ಸೆನ್ಸರುಗಳ ಸಿಗ್ನಲ್ ಒಟ್ಟಾರೆ ಕಳಪೆಯಾಗಿದ್ದರೆ ಡಾಂಗಲ್ ಎಲ್ಲಿ ಚುಚ್ಚಿದ್ದೀರಿ ನೋಡಿ. ಯುಎಸ್‌ಬಿ 3.0 ಪೋರ್ಟು ಮತ್ತು ಪಕ್ಕದ ಎಸ್‌ಎಸ್‌ಡಿ ಇದೇ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತವೆ. ಒಂದು ಮೀಟರಿನ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ದೂರಕ್ಕೆ ಎತ್ತರದಲ್ಲಿ ತೂಗುಬಿಡಿ. ಇಷ್ಟು ಪುಟ್ಟ ಖರ್ಚಿನಲ್ಲಿ ಇಷ್ಟು ಗುಣ ಕೊಡುವ ಉಪಾಯ ಈ ವಿದ್ಯೆಯಲ್ಲಿ ಇನ್ನೊಂದಿಲ್ಲ.

ಕಬ್ಬಿಣ, ಕಲ್ಲು, ನೀರು

ಧಾರವಾಡದ ಹಳೆಯ ಮನೆಗಳ ದಪ್ಪ ಕಲ್ಲು-ಮಣ್ಣಿನ ಗೋಡೆ, ಹೊಸ ಮನೆಗಳ ಕಬ್ಬಿಣ ತುಂಬಿದ ಸ್ಲ್ಯಾಬ್, ಎರಡೂ ಸಿಗ್ನಲ್ ನುಂಗುತ್ತವೆ. ಮಾಳಿಗೆಗೆ ಸಿಗ್ನಲ್ ಏರಬೇಕಾದರೆ ಮೆಟ್ಟಿಲಿನ ತೆರವೇ ದಾರಿ. ಅಲ್ಲಿ, ಮೇಲಿನ ಮೆಟ್ಟಿಲ ಬಳಿ ಒಂದು ರೂಟರ್ ಇಟ್ಟರೆ ಸ್ಲ್ಯಾಬಿನ ಜಗಳ ತಪ್ಪುತ್ತದೆ.

ಕಬ್ಬಿಣದ ಸೇಫ್ಟಿ ಡೋರ್, ಗ್ರಿಲ್, ಶಟರ್‌ಗೆ ಬಾಗಿಲ ಸೆನ್ಸರ್ ನೇರ ಅಂಟಿಸಿದರೆ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಆಯಸ್ಕಾಂತದ ಬಲವನ್ನು ಕಬ್ಬಿಣ ತನ್ನತ್ತ ಎಳೆದುಕೊಳ್ಳುವುದರಿಂದ ‘ಮುಚ್ಚಿದೆ’ ಎಂಬುದು ಸೆನ್ಸರಿಗೆ ತಿಳಿಯುವುದಿಲ್ಲ. ಆಂಟೆನಾದ ಬೆನ್ನಿಗೇ ಲೋಹ ಬರುವುದರಿಂದ ರೇಡಿಯೋ ಸಹ ಕುಗ್ಗುತ್ತದೆ. ಸೆನ್ಸರಿಗೂ ಆಯಸ್ಕಾಂತಕ್ಕೂ ಕೆಳಗೆ ಸುಮಾರು 10 ಮಿಲಿಮೀಟರ್ ದಪ್ಪದ ಕಟ್ಟಿಗೆಯ ಅಥವಾ ಅಕ್ರಿಲಿಕ್ ತುಂಡು ಕೊಟ್ಟು ಅಂಟಿಸಿ. ಎರಡರ ನಡುವಿನ ಅಂತರ ಕಟ್ಟಿಗೆ ಬಾಗಿಲಲ್ಲಿ 20 ಮಿಲಿಮೀಟರ್ ನಡೆದರೂ ಕಬ್ಬಿಣದಲ್ಲಿ 10ರ ಒಳಗೇ ಇರಲಿ.

ಟಾಕಿಯ ಸೆನ್ಸರಿನದು ಬೇರೆಯೇ ಆಟ. ನಳಕ್ಕೆ ಹಲವು ದಿನಕ್ಕೊಮ್ಮೆ ನೀರು ಬರುವ ಓಣಿಗಳಲ್ಲಿ, ಗದಗ-ಬೆಟಗೇರಿಯಲ್ಲೂ ಅಷ್ಟೇ, ಮಾಳಿಗೆಯ ಟಾಕಿ ತುಂಬಿತೋ ಇಲ್ಲವೋ ತಿಳಿಯಲು ಸೆನ್ಸರ್ ಇಡುವವರು ಹೆಚ್ಚು. ಟಾಕಿ ಖಾಲಿಯಿದ್ದಾಗ ಸಿಗ್ನಲ್ ಚೆನ್ನಾಗಿರುತ್ತದೆ. ನಳ ಬಂದು ಟಾಕಿ ತುಂಬಿದ ಕೂಡಲೇ ಸೆನ್ಸರ್ ಮಾಯ, ನೀರು ಇಳಿದ ಮೇಲೆ ಪ್ರತ್ಯಕ್ಷ. ದೋಷ ಎಂದು ತಲೆ ಕೆರೆದುಕೊಳ್ಳಬೇಕಿಲ್ಲ. 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ; ಸೆನ್ಸರಿಗೂ ರೂಟರಿಗೂ ನಡುವೆ ಸಾವಿರ ಲೀಟರ್ ನೀರು ನಿಂತಿದೆ. ಸೆನ್ಸರನ್ನು ಮೆಟ್ಟಿಲ ಕಡೆಯ ಮಗ್ಗುಲಿಗೆ ಸರಿಸಿ, ತಂತಿಯ ತುದಿಯಷ್ಟೇ ಟಾಕಿಯೊಳಗೆ ಇರಲಿ. ನೇರ ಬಿಸಿಲು ತಾಕದಂತೆ ನೆರಳು ಮಾಡಿ. ಹೆಚ್ಚಿನ ನಾಣ್ಯ ಸೆಲ್ಲುಗಳ ಬಳಕೆಯ ಮಿತಿ 60 ಡಿಗ್ರಿಯ ಆಸುಪಾಸು, ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಕಪ್ಪು ಡಬ್ಬಿ ಅದರ ಹತ್ತಿರ ಹೋಗುತ್ತದೆ.

ಬೇಸಿಗೆಯಲ್ಲಿ ಚಲನೆಯ ಸೆನ್ಸರ್ ಮಂಕಾದರೂ ಸೆಲ್ಲನ್ನು ದೂಷಿಸಬೇಡಿ. ಅದು ನೋಡುವುದು ಮೈಯ ಬಿಸಿಗೂ ಗೋಡೆಯ ಬಿಸಿಗೂ ಇರುವ ವ್ಯತ್ಯಾಸವನ್ನು. ಮಧ್ಯಾಹ್ನ ಗೋಡೆ 36 ಡಿಗ್ರಿ ತಲುಪಿದಾಗ ಆ ವ್ಯತ್ಯಾಸವೇ ಉಳಿಯುವುದಿಲ್ಲ. ರಾತ್ರಿ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅದು ಗಟ್ಟಿಯಾಗಿದೆ ಎಂದೇ ತಿಳಿಯಿರಿ.

ಶೇಕಡಾ ಎಂಬ ಸುಳ್ಳು

ಆ್ಯಪ್ 100 ತೋರಿಸುತ್ತದೆ, ಮರುದಿನ ಸೆನ್ಸರ್ ಸತ್ತಿರುತ್ತದೆ. ಇನ್ನೊಂದು ಸೆನ್ಸರ್ ಮೂರು ತಿಂಗಳಿಂದ 0 ತೋರಿಸುತ್ತ ಆರಾಮಾಗಿ ನಡೆದಿದೆ. ಎರಡಕ್ಕೂ ಕಾರಣ ಒಂದೇ: ಹೆಚ್ಚಿನ ಸೆನ್ಸರುಗಳು ಉಳಿದ ಶಕ್ತಿಯನ್ನು ಅಳೆಯುವುದಿಲ್ಲ. ವೋಲ್ಟೇಜ್ ನೋಡಿ ಶೇಕಡಾ ಊಹಿಸುತ್ತವೆ. ಲಿಥಿಯಂ ನಾಣ್ಯ ಸೆಲ್ ತನ್ನ ಬಹುಪಾಲು ಆಯುಷ್ಯವನ್ನು 3 ವೋಲ್ಟ್‌ನ ಹತ್ತಿರವೇ ಕಳೆದು ಕೊನೆಯಲ್ಲಿ ಧೊಪ್ಪೆಂದು ಬೀಳುತ್ತದೆ. ಕೆಲವು ಶಿಯೋಮಿ ಸೆನ್ಸರುಗಳಿಗೆ ಜಿಗ್ಬಿ2ಎಂಕ್ಯೂಟಿಟಿ 3.00 ವೋಲ್ಟನ್ನು 100 ಎಂದೂ 2.85 ವೋಲ್ಟನ್ನು 0 ಎಂದೂ ಲೆಕ್ಕ ಹಾಕುತ್ತದೆ. 2.85ರಲ್ಲಿ ಸೆಲ್ ಇನ್ನೂ ಜೀವಂತವಾಗಿರುತ್ತದೆ, ಹಾಗಾಗಿ 0 ಎಂದರೂ ಕೆಲಸ ನಿಲ್ಲುವುದಿಲ್ಲ.

ಜಿಗ್ಬಿಯ ನಿಯಮದಂತೆ ಶೇಕಡಾ ಅರ್ಧರ್ಧ ಏಕಮಾನದಲ್ಲಿ ಬರುತ್ತದೆ, ಅಂದರೆ ಪೂರ್ಣ ಸೆಲ್‌ಗೆ 200. ಕೆಲವು ಅಗ್ಗದ ತಯಾರಿಕೆಗಳು ಈ ನಿಯಮ ಪಾಲಿಸುವುದಿಲ್ಲ. ಹೊಸ ಸೆಲ್ ಹಾಕಿದರೂ 50ಕ್ಕಿಂತ ಮೇಲೆ ಏರದ, ಅಥವಾ 200 ತೋರಿಸುವ ಸೆನ್ಸರ್ ಕಂಡರೆ ಅದು ಲೆಕ್ಕದ ಗೊಂದಲ. ಸೆಲ್ ಬದಲಿಸಿ ಪ್ರಯೋಜನವಿಲ್ಲ. ಎಎಎ ಸೆಲ್ ಸೆನ್ಸರಿಗೆ ಚಾರ್ಜ್ ಆಗುವ 1.2 ವೋಲ್ಟ್ ಸೆಲ್ ಹಾಕಿದಾಗಲೂ ಪೂರ್ಣ ಚಾರ್ಜಿನಲ್ಲೇ ಅರೆಬರೆ ತೋರಿಸುತ್ತದೆ.

ಚಳಿಯಲ್ಲಿ ವೋಲ್ಟೇಜ್ ಇಳಿಯುತ್ತದೆ. ಫ್ರಿಜ್ಜಿನೊಳಗೆ ಇಟ್ಟ ಉಷ್ಣತೆಯ ಸೆನ್ಸರ್ ಹೊಸ ಸೆಲ್ಲಿನಲ್ಲೂ ಬ್ಯಾಟರಿ ಕಡಿಮೆ ಎನ್ನುವುದು ಇದರಿಂದಲೇ. ಬ್ಯಾಡಗಿಯ ಮೆಣಸಿನಕಾಯಿ ಶೀತಲಗೃಹದಂಥ ಕಡೆ ಇದರ ಜತೆಗೆ ಲೋಹದ ಹಾಳೆಯ ಗೋಡೆಗಳೂ ಸಿಗ್ನಲ್ ತಡೆಯುತ್ತವೆ. ಅಲ್ಲಿ ತಂತಿಯ ಪ್ರೋಬ್ ಒಳಗಿಟ್ಟು ಸೆನ್ಸರನ್ನು ಹೊರಗೆ ಇಡುವುದೇ ವಾಸಿ.

ಸೆಲ್ಲನ್ನೇ ಪರೀಕ್ಷಿಸುವುದು

ಮಲ್ಟಿಮೀಟರಿನ ಎರಡು ಕಡ್ಡಿ ಮುಟ್ಟಿಸಿ 3.0 ಕಂಡರೆ ಸೆಲ್ ಚೆನ್ನಾಗಿದೆ ಎನ್ನುವಂತಿಲ್ಲ. ಹಳೆಯ ಸೆಲ್ಲಿನ ಒಳ ಪ್ರತಿರೋಧ ಏರಿರುತ್ತದೆ. ಭಾರವಿಲ್ಲದಾಗ ಗಟ್ಟಿ ಕಾಣುತ್ತದೆ, ರೇಡಿಯೋ ಎದ್ದ ಕ್ಷಣ ವೋಲ್ಟೇಜ್ ಕುಸಿದು ಸೆನ್ಸರ್ ರೀಸ್ಟಾರ್ಟ್ ಆಗುತ್ತದೆ. ಬಟನ್ ಒತ್ತಿದರೆ ದೀಪ ಮಿನುಗುತ್ತದೆ, ಸುದ್ದಿ ಮಾತ್ರ ಬರುವುದಿಲ್ಲ ಎಂಬ ಲಕ್ಷಣ ಇದರದು.

100 ಓಮ್‌ನ ಕಾಲು ವ್ಯಾಟ್ ರೆಸಿಸ್ಟರನ್ನು ಸೆಲ್ಲಿನ ಎರಡೂ ಮುಖಗಳಿಗೆ ಹಿಡಿದು, ಎರಡು ಸೆಕೆಂಡ್ ಬಿಟ್ಟು ವೋಲ್ಟೇಜ್ ಓದಿ. ಸುಮಾರು 30 ಮಿಲಿಆಂಪಿಯರ್ ಹರಿಯುತ್ತದೆ, ರೇಡಿಯೋ ಎಳೆತಕ್ಕೆ ಹತ್ತಿರ. ಸಿಆರ್ 2032 ನಾಣ್ಯ ಸೆಲ್ 2.7ರ ಮೇಲೆ ನಿಂತರೆ ಸರಿ, 2.4ಕ್ಕಿಂತ ಕೆಳಗಿಳಿದರೆ ಎಸೆಯಿರಿ. ನಡುವೆ ನಿಂತರೆ ಅದೇ ಕಂಪನಿಯ ಹೊಸ ಸೆಲ್ ಜತೆ ಹೋಲಿಸಿ. ಹೆಚ್ಚು ಹೊತ್ತು ಹಿಡಿಯಬೇಡಿ, ಪರೀಕ್ಷೆಯೇ ಸೆಲ್ಲನ್ನು ತಿನ್ನುತ್ತದೆ. ಸಿಆರ್ 1632ರಂಥ ಚಿಕ್ಕ ಸೆಲ್ ಹೊಸದಿದ್ದರೂ ಇದಕ್ಕಿಂತ ಹೆಚ್ಚು ಬಾಗುತ್ತದೆ, ಅದನ್ನು ಹೊಸದರ ಜತೆ ಹೋಲಿಸಿಯೇ ತೀರ್ಮಾನಿಸಿ.

ಹೊಸ ಸೆಲ್ ಭಾರವಿಲ್ಲದೆ 3.2 ವೋಲ್ಟ್ ಅಥವಾ ಸ್ವಲ್ಪ ಹೆಚ್ಚು ತೋರಿಸಬೇಕು. 3.0 ತೋರಿಸಿದರೆ ಅಂಗಡಿಯಲ್ಲಿ ಹಳತಾದದ್ದು. ಪ್ಯಾಕೆಟ್ ಮೇಲೆ ವರ್ಷ ಅಚ್ಚಾಗಿರುವ ಸೀಲ್ ಸ್ಟ್ರಿಪ್ ಕೊಳ್ಳಿ. ಚೀಲದಲ್ಲಿ ಒಂದರ ಮೇಲೊಂದು ಬಿದ್ದಿರುವ ಬಿಡಿ ಸೆಲ್ಲುಗಳು ಪರಸ್ಪರ ತಾಗಿ ಆಗಲೇ ಶಕ್ತಿ ಕಳೆದುಕೊಂಡಿರಬಹುದು. ಎಲ್‌ಐಆರ್ 2032 ಎಂದು ಬರೆದದ್ದನ್ನು ಮಾತ್ರ ಹಾಕಲೇಬೇಡಿ. ಅದು ಚಾರ್ಜ್ ಆಗುವ ಸೆಲ್, ಪೂರ್ಣ ತುಂಬಿದಾಗ 4.2 ವೋಲ್ಟ್. 3 ವೋಲ್ಟಿನ ಬೋರ್ಡ್ ಸುಟ್ಟುಹೋಗಬಹುದು.

ಮಕ್ಕಳು ನುಂಗದಿರಲೆಂದು ಕೆಲವು ಸೆಲ್ಲುಗಳಿಗೆ ಕಹಿ ಲೇಪ ಹಚ್ಚಿರುತ್ತಾರೆ. ಆ ಲೇಪ ಕೆಲವು ಸಾಧನಗಳಲ್ಲಿ ಕರೆಂಟ್ ಹರಿಯಲು ಅಡ್ಡಿ. ಹೊಸ ಸೆಲ್ ಸ್ಪಂದಿಸದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಅಂಚು ಒರೆಸಿ, ಒಳಗಿನ ತಗಡಿನ ನಾಲಿಗೆಯನ್ನು ತುಸು ಮೇಲೆತ್ತಿ ನೋಡಿ. ಲೇಪ ಇರಲಿ, ಬಿಡಲಿ, ಹಳೆಯ ಸೆಲ್ಲುಗಳು ಮಕ್ಕಳ ಕೈಗೆ ಸಿಗಬಾರದು. ನುಂಗಿದ ಸೆಲ್ ಎರಡು ತಾಸಿನೊಳಗೇ ಅನ್ನನಾಳವನ್ನು ಸುಡಬಲ್ಲದು, ಅನುಮಾನ ಬಂದರೂ ಆಸ್ಪತ್ರೆಗೆ ಓಡಬೇಕು.

ವೈಫೈ ಬಾಗಿಲ ಸೆನ್ಸರುಗಳಿಗೆ ಈ ಲೆಕ್ಕ ಇನ್ನೂ ಕಠಿಣ. ಪ್ರತಿ ಸಲ ಎದ್ದು ರೂಟರಿಗೆ ಸೇರಿ ವಿಳಾಸ ಪಡೆಯಲು ಕೆಲವು ಸೆಕೆಂಡ್ ಬೇಕು, ಆ ಹೊತ್ತಿನಲ್ಲಿ ನೂರರ ಆಸುಪಾಸಿನ ಮಿಲಿಆಂಪಿಯರ್ ಹರಿಯುತ್ತದೆ. ವೈಫೈ ರೂಟರ್ ಆರಿದ್ದಾಗ ಜನ ಓಡಾಡುವ ಬಾಗಿಲಿನ ಸೆನ್ಸರ್ ಪ್ರತಿ ಸಲವೂ ಸುಮ್ಮನೆ ದುಡಿಯುತ್ತದೆ. ಅಂಥ ಮನೆಗೆ ವೈಫೈ ರೂಟರಿಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕುವುದೇ ಸೆಲ್ ಉಳಿಸುವ ದಾರಿ. ಬರೀ ಪ್ರಸಾರ ಮಾಡುವ ಬ್ಲೂಟೂತ್ ಸೆನ್ಸರಿಗೆ ಈ ಕಾಟವಿಲ್ಲ. ಯಾರು ಕೇಳಿದರೂ ಕೇಳದಿದ್ದರೂ ಅದರ ಖರ್ಚು ಅಷ್ಟೇ.

ನಿಗಾ ಇಡುವ ಬಗೆ

ಎಷ್ಟು ಹೊತ್ತು ಸುಮ್ಮನಿದ್ದರೆ ಸೆನ್ಸರ್ ಕಾಣೆಯಾಯಿತು ಎನ್ನಬೇಕೆಂಬುದಕ್ಕೆ ಎಲ್ಲಕ್ಕೂ ಒಂದೇ ಗಡುವು ಇಟ್ಟರೆ ಕೆಲಸ ಕೆಡುತ್ತದೆ. ಜಿಗ್ಬಿ2ಎಂಕ್ಯೂಟಿಟಿ ಸೆಲ್ಲಿನ ಸಾಧನಕ್ಕೆ 1500 ನಿಮಿಷ, ಅಂದರೆ 25 ತಾಸು ಕಾಯುತ್ತದೆ. ಝಡ್‌ಎಚ್‌ಎ 6 ತಾಸಿಗೆ ಕೈ ಎತ್ತುತ್ತದೆ. ಅಕಾರಾ ಸೆನ್ಸರ್ ಸುಮಾರು ತಾಸಿಗೊಮ್ಮೆ ತಾನಾಗಿ ಮಾತಾಡುತ್ತದೆ, ಅದಕ್ಕೆ 25 ತಾಸು ಬಹಳಾಯಿತು. ಕೆಲವು ಬಾಗಿಲ ಸೆನ್ಸರುಗಳು ಯಾರೂ ಬಾಗಿಲು ತೆರೆಯದಿದ್ದರೆ ದಿನಕ್ಕೊಂದೆರಡು ಸಲವಷ್ಟೇ ಉಸಿರಾಡುತ್ತವೆ, ಅವಕ್ಕೆ 6 ತಾಸು ಸಾಲದು. ಎರಡು ವಾರದ ದಾಖಲೆಯಲ್ಲಿ ಪ್ರತಿ ಸೆನ್ಸರಿನ ಅತಿ ದೊಡ್ಡ ಮೌನ ಎಷ್ಟೆಂದು ನೋಡಿ, ಅದರ ಎರಡು ಅಥವಾ ಮೂರು ಪಟ್ಟನ್ನು ಅದರ ಗಡುವಾಗಿ ಇಡಿ. ಈ ಅಳತೆಯನ್ನು ಬೇಸಿಗೆಯಲ್ಲಿ ಮಾಡಿದ್ದರೆ ಜುಲೈಯಲ್ಲಿ ಮತ್ತೆ ನೋಡಬೇಕು. ಜಿಟಿಜಿಟಿ ಮಳೆ ಹಿಡಿದ ಧಾರವಾಡದಲ್ಲಿ ಒಳಗಿನ ಉಷ್ಣತೆ ಇಡೀ ದಿನ ಅಲುಗುವುದಿಲ್ಲ. ಬದಲಾದಾಗಷ್ಟೇ ವರದಿ ಮಾಡುವ ಸೆನ್ಸರ್ ಆಗ ಹೇಳಲು ಏನೂ ಇಲ್ಲದೆ ಸುಮ್ಮನಿರುತ್ತದೆ.

ಇದೇ ಕಾರಣಕ್ಕೆ ಹೋಮ್ ಅಸಿಸ್ಟೆಂಟ್‌ನ ‘ಲಾಸ್ಟ್ ಚೇಂಜ್ಡ್’ ಮೇಲೆ ಎಚ್ಚರಿಕೆ ಕಟ್ಟಬೇಡಿ. ಅದು ಬೆಲೆ ಬದಲಾದ ಸಮಯ, ಸುದ್ದಿ ಬಂದ ಸಮಯವಲ್ಲ. ಹೋಮ್ ಅಸಿಸ್ಟೆಂಟ್ ಮತ್ತೆ ಶುರುವಾದರೆ ಅದೂ ಹೊಸದಾಗಿಬಿಡುತ್ತದೆ. ಸಂದೇಶ ಸಾಗಿಸುವ ಎಂಕ್ಯೂಟಿಟಿ ವ್ಯವಸ್ಥೆಯಲ್ಲಿ ಉಳಿಸಿಟ್ಟ ಹಳೆಯ ಸಂದೇಶವೂ ಸತ್ತ ಸೆನ್ಸರಿಗೆ ಜೀವ ಬಂದಂತೆ ತೋರಿಸುತ್ತದೆ. ‘ಲಾಸ್ಟ್ ಸೀನ್’ ಒಂದನ್ನೇ ನಂಬಿ.

ಎಚ್ಚರಿಕೆ ಪ್ರತಿ ಸೆನ್ಸರಿಗೆ ಬಿಡಿಯಾಗಿ ಬೇಡ, ಬೆಳಿಗ್ಗೆ ಒಂದೇ ಸಂದೇಶದಲ್ಲಿ ಪಟ್ಟಿ ಬರಲಿ. ಇನ್ವರ್ಟರಿಗೆ ಸೇರದ ಪಾಯಿಂಟಿನಲ್ಲಿ ಒಂದು ಸ್ಮಾರ್ಟ್ ಪ್ಲಗ್ ಇಟ್ಟರೆ ಅದು ಕಾಣೆಯಾದದ್ದೇ ಕರೆಂಟ್ ಹೋದ ಗುರುತು. ಅದು ಮರಳಿ ಎರಡು ತಾಸಾಗುವವರೆಗೆ ಪಟ್ಟಿ ತಡೆದರೆ ಸುಳ್ಳು ಎಚ್ಚರಿಕೆಗಳು ಬಹಳ ಕಡಿಮೆಯಾಗುತ್ತವೆ. ಆಮೇಲೂ ಪಟ್ಟಿಯಲ್ಲಿ ಉಳಿದವೇ ನಿಜವಾಗಿ ದಾರಿ ತಪ್ಪಿದವು. ಅವನ್ನು ಅಳಿಸದೆ, ಇದ್ದ ಜಾಗದಲ್ಲೇ ಮತ್ತೆ ಜೋಡಿಸಿ, ಹೆಸರು ಮತ್ತು ಆಟೋಮೇಷನ್ ಹಾಗೇ ಉಳಿಯುತ್ತವೆ. ಡಾಂಗಲ್ ಪಕ್ಕಕ್ಕೆ ತಂದು ಜೋಡಿಸಿ ಒಯ್ದರೆ ಅದು ಡಾಂಗಲನ್ನೇ ಪೋಷಕ ಎಂದು ಹಿಡಿದು ಕೂರುತ್ತದೆ. ನೀರಿನ ಸೋರಿಕೆಯ ಸೆನ್ಸರ್ ಮಾತ್ರ ಪಟ್ಟಿಯಲ್ಲಿ ಇಲ್ಲದಿದ್ದರೂ ಮೂರು ತಿಂಗಳಿಗೊಮ್ಮೆ ಒದ್ದೆ ಬಟ್ಟೆ ಮುಟ್ಟಿಸಿ ನೋಡಬೇಕು.

ಇಷ್ಟಾದರೂ ಸೆಲ್ ತಿಂಗಳಿಗೊಂದು ಬೇಕೆಂದರೆ

ಬೋರ್ಡ್ ಸುಮ್ಮನಿದ್ದಾಗಲೂ ಕರೆಂಟ್ ಸೋರಿಸುತ್ತಿದೆಯೇ ಎಂದು ಅಳೆಯುವುದೊಂದೇ ಉಳಿದ ದಾರಿ. ಸಿಆರ್ 2032ರಲ್ಲಿ ಇರುವುದು ಸುಮಾರು 220 ಮಿಲಿಆಂಪಿಯರ್-ಅವರ್. ಸರಾಸರಿ 10 ಮೈಕ್ರೋಆಂಪಿಯರ್ ಎಳೆದರೆ ವರ್ಷಕ್ಕೆ 88, ಅಂದರೆ ಎರಡೂವರೆ ವರ್ಷ ಬಾಳಿಕೆ. 300 ಮೈಕ್ರೋಆಂಪಿಯರ್ ಎಳೆದರೆ ಮೂವತ್ತು ದಿನ. ಮೀಟರನ್ನು ಸೆಲ್ ಮತ್ತು ಸೆನ್ಸರ್ ನಡುವೆ ಸರಣಿಯಲ್ಲಿ ಜೋಡಿಸಿ, ಮೈಕ್ರೋಆಂಪಿಯರ್ ಶ್ರೇಣಿಗೆ ಇಡಿ. ಆ ಶ್ರೇಣಿಯಲ್ಲಿ ಮೀಟರೇ ಸಾಕಷ್ಟು ವೋಲ್ಟೇಜ್ ತಿನ್ನುವುದರಿಂದ ರೇಡಿಯೋ ಎದ್ದಾಗ ಸೆನ್ಸರ್ ರೀಸ್ಟಾರ್ಟ್ ಆಗುತ್ತ ಕೂರುತ್ತದೆ, ಅಂಕಿ ತಪ್ಪು ಬರುತ್ತದೆ. ಆದ್ದರಿಂದ ಮೀಟರಿನ ಎರಡು ಕಡ್ಡಿಗಳ ನಡುವೆ ಒಂದು ತುಂಡು ತಂತಿ ಕಟ್ಟಿ ಸೆನ್ಸರ್ ಶುರು ಮಾಡಿ, ಅದು ಜಾಲಕ್ಕೆ ಸೇರಿ ಒಂದೆರಡು ನಿಮಿಷ ಸುಮ್ಮನಾದ ಮೇಲೆ ತಂತಿ ತೆಗೆಯಿರಿ. ಒಂದಂಕಿ ಮೈಕ್ರೋಆಂಪಿಯರ್ ಕಂಡರೆ ಬೋರ್ಡ್ ಗಟ್ಟಿಯಾಗಿದೆ, ಮತ್ತೆ ಸಂಪರ್ಕದ ಕಡೆಗೇ ಹೋಗಿ ಹುಡುಕಿ. ನೂರಾರು ಕಂಡರೆ ಬೋರ್ಡನ್ನು ಐಸೊಪ್ರೊಪೈಲ್‌ನಲ್ಲಿ ಬ್ರಷ್ ಮಾಡಿ, ಒಂದು ದಿನ ನೆರಳಿನಲ್ಲಿ ಒಣಗಿಸಿ ಮತ್ತೆ ಅಳೆಯಿರಿ. ಬಚ್ಚಲಲ್ಲೋ ಮಾಳಿಗೆಯಲ್ಲೋ ಮಳೆಗಾಲ ಕಳೆದ ಸೆನ್ಸರುಗಳಲ್ಲಿ ಕೆಲವು ಇದರಿಂದಲೇ ಚೇತರಿಸಿಕೊಳ್ಳುತ್ತವೆ. ಅಂಕಿ ಇಳಿಯದಿದ್ದರೆ ಒಳಗಿನ ಕೆಪಾಸಿಟರ್ ಅಥವಾ ಚಿಪ್ ಕೆಟ್ಟಿದೆ. ರಿಪೇರಿಗೆ ಕೊಡುವ ಹಣಕ್ಕೆ ಹೊಸ ಸೆನ್ಸರೇ ಬರುತ್ತದೆ.